ಮಂಚಿಕೇರಿಯಿಂದ ಚೌಡಿಕಟ್ಟೆಯವರೆಗೆ

ಬನವಾಸಿ
30 ಜನವರಿ 2025

ದಿವ್ಯಾ ಅವರಿಗೆ ಚನ್ನಯ್ಯನ ಶರಣು.

ಹೆಸರು ಹೇಳಿದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಈ ತಿಂಗಳ ಹತ್ತೊಂಬತ್ತರಂದು, ಭಾನುವಾರ ಮಧ್ಯಾಹ್ನ, ಯಲ್ಲಾಪುರದಿಂದ ಶಿರಸಿಗೆ ಬರುವ ದಾರಿಯಲ್ಲಿ, ಚೌಡಿಕಟ್ಟೆಯ ತಿರುವಿನ ಹತ್ತಿರ ನಿಮ್ಮ ಕೆಂಪು ಕಾರಿಗೆ ಹಿಂದಿನಿಂದ ಒಂದು ಬೂದು ಕಾರು ಗುದ್ದಿತಲ್ಲ, ಅದನ್ನು ಓಡಿಸುತ್ತಿದ್ದವನು ನಾನು.

ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ನಿಮ್ಮ ತಾಯಿ ನನ್ನ ಹೆಸರು ಕೇಳಿದ ಕೂಡಲೇ ಇಟ್ಟುಬಿಟ್ಟರು. ಎರಡನೇ ಸಲ, "ಅವ್ಳು ಫೋನ್ ಮುಟ್ಟಂಗಿಲ್ಲ, ಡಾಕ್ಟ್ರು ಹೇಳಿದಾರೆ. ಎಂತ ಇದ್ರೂ ಬರ್ದು ಹಾಕಿ" ಎಂದರು. ಸಿಟ್ಟಿನಲ್ಲಿ ಅಂದ ಮಾತಿರಬೇಕು. ನಾನು ಅದನ್ನೇ ಅಪ್ಪಣೆ ಎಂದುಕೊಂಡು ಬರೆಯಲು ಕೂತಿದ್ದೇನೆ. ವಿಳಾಸ ಠಾಣೆಯ ಕಾಗದದಲ್ಲಿ ಸಿಕ್ಕಿತು.

ನನಗೀಗ ಅರವತ್ತೈದು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು, ಅದರಲ್ಲಿ ಹದಿನಾಲ್ಕು ವರ್ಷ ಇದೇ ಶಿರಸಿ–ಯಲ್ಲಾಪುರದ ದಾರಿ. ಒಂದು ನಾಯಿಗೂ ತಾಗಿಸಿದವನಲ್ಲ. ಅದಕ್ಕೊಂದು ಬೆಳ್ಳಿಯ ಪದಕವನ್ನೂ ಕೊಟ್ಟಿದ್ದರು. "ಇನ್ನ ಇದನ್ನ ಯಾರಿಗೆ ತೋರಸ್ತೀರಿ, ತಗೀರಿ" ಎಂದು ನನ್ನ ಹೆಂಡತಿ ಗುರುಶಾಂತವ್ವ ಮೊನ್ನೆ ಅದನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯಲ್ಲಿ ಇಟ್ಟಳು. ಆನೆಯಂಥದ್ದೂ ಮುಗ್ಗರಿಸುತ್ತದೆ ಅನ್ನುತ್ತಾರೆ. ಆನೆ ಮುಗ್ಗರಿಸಿದಾಗ ಅದರ ಮುಂದೆ ಇದ್ದವರ ಗತಿ ಏನು ಎಂದು ಗಾದೆ ಕಟ್ಟಿದವರು ಯೋಚಿಸಿದ ಹಾಗೆ ಕಾಣುವುದಿಲ್ಲ.

ಆದದ್ದು ಇಷ್ಟು. ಬಲಗಡೆಯ ಕಾಡಿನಿಂದ ಬಿಳಿ ಆಕಳೊಂದು ರಸ್ತೆಗೆ ಅಡ್ಡ ಬಂತು. ನೀವು ಬ್ರೇಕ್ ಹಾಕಿದಿರಿ. ನಾನು ಹಾಕುವಷ್ಟರಲ್ಲಿ ತಡವಾಗಿತ್ತು. ನಿಮ್ಮ ಕಾರು ಮುಂದೆ ಹೋಗಿ ರಸ್ತೆ ಬದಿಯ ಎತ್ತರದ ಮಣ್ಣಿನ ಧರೆಗೆ ತಾಗಿತು, ನಿಮ್ಮ ತಲೆ ಕಿಟಕಿಗೆ ಬಡಿಯಿತು. ಠಾಣೆಯಲ್ಲೂ ಹೀಗೇ ಬರೆಸಿದ್ದೇನೆ. ಆಸ್ಪತ್ರೆಯ ಬಾಗಿಲಲ್ಲಿ ಸಂಜೆಯವರೆಗೆ ನಿಂತಿದ್ದೆ. ನಿಮ್ಮ ತಾಯಿ ಕೈಸನ್ನೆಯಲ್ಲೇ ಹೋಗು ಅಂದರು, ಬಂದೆ.

ಆವತ್ತಿನಿಂದ ಊಟ ಸೇರುತ್ತಿಲ್ಲ. ಹೇಗಿದ್ದೀರಿ ಎಂದು ಒಂದು ಸಾಲು ಬರೆದರೆ ಉಪಕಾರ. ಬೈದು ಬರೆದರೂ ಓದುತ್ತೇನೆ.

ತಪ್ಪಿತಸ್ಥ,
ಚನ್ನಯ್ಯ


ತ್ಯಾಗಲಿ
9 ಫೆಬ್ರವರಿ 2025

ಚನ್ನಯ್ಯನವರಿಗೆ ನಮಸ್ಕಾರ.

ಈ ಪತ್ರದ ಮೊದಲ ಸಾಲು ಬುಧವಾರದ್ದು, ಈಗ ಬರೆಯುತ್ತಿರುವುದು ಭಾನುವಾರ. ದಿನಕ್ಕೆ ನಾಲ್ಕೈದು ಸಾಲಿಗೆ ತಲೆ ಭಾರವಾಗುತ್ತದೆ. ಆದರೂ ಕಾಗದ ಪರವಾಗಿಲ್ಲ. ಫೋನ್ ನೋಡಿದರೆ ಅಕ್ಷರಗಳು ಮೀನುಮರಿಗಳ ಹಾಗೆ ಚದುರಿ ಓಡುತ್ತವೆ. ಕುತ್ತಿಗೆಗೆ ಪಟ್ಟಿ ಹಾಕಿದ್ದಾರೆ. ಅವ್ವನಿಗೆ ಮುಂಗೈ ಊದಿಕೊಂಡಿತ್ತು, ಈಗ ಇಳಿದಿದೆ. ಇದು ನಿಮ್ಮ ಪ್ರಶ್ನೆಗೆ ಉತ್ತರ.

ನಾನು ಶಿರಸಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ತಲೆಗೆ ಪೆಟ್ಟು ಬಿದ್ದವರಿಗೆ "ಮರೆತದ್ದು ನಿಧಾನಕ್ಕೆ ನೆನಪಾಗ್ತದೆ, ಗಾಬರಿ ಬೇಡ" ಎಂದು ಎಷ್ಟೋ ಸಲ ಹೇಳಿದ್ದೇನೆ. ಹೇಳುವುದು ಸುಲಭ ಎಂದು ಈಗ ಗೊತ್ತಾಯಿತು. ಮಂಚಿಕೇರಿಯಲ್ಲಿ ಕಾರು ನಿಲ್ಲಿಸಿ ಕಬ್ಬಿನ ಹಾಲು ಕುಡಿದದ್ದು ನೆನಪಿದೆ. ಅವ್ವ ಲೋಟದ ತಳದಲ್ಲಿ ಉಳಿದ ನೊರೆಯನ್ನು ಬೆರಳಿನಲ್ಲಿ ತೆಗೆದು ಚೀಪಿದ್ದು ನೆನಪಿದೆ. ಅದಾದ ಮೇಲೆ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇಲ್ಲ. ಕತ್ತಲೆಯೂ ಅಲ್ಲ ಅದು, ಬೆಳ್ಳಗೆ ಇದೆ, ಧನುರ್ಮಾಸದ ಬೆಳಗಿನ ಮಂಜಿನ ಹಾಗೆ. ಮಧ್ಯಾಹ್ನ ಊಟವಾಗಿ ಮಲಗಿದರೆ ನಾನು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತೇನೆ. ಕಾರು ಓಡುತ್ತಿರುತ್ತದೆ, ಸದ್ದಿಲ್ಲ. ಮರಗಳು ಎರಡೂ ಕಡೆ ನಿಧಾನವಾಗಿ ಹಿಂದೆ ಸರಿಯುತ್ತವೆ. ಪಕ್ಕದಲ್ಲಿ ಅವ್ವನ ಬಾಯಿ ಅಲ್ಲಾಡುತ್ತದೆ. ಏನು ಹೇಳುತ್ತಿದ್ದಾಳೆ ಕೇಳುವುದಿಲ್ಲ.

ನನಗೂ ಅವ್ವನಿಗೂ ಎಂಟು ತಿಂಗಳಿಂದ ಮಾತು ಅಷ್ಟಕ್ಕಷ್ಟೇ. ಅಕ್ಕಿ ಮುಗಿಯಿತು, ಗ್ಯಾಸ್ ಬಂತು, ಬಟ್ಟೆ ಒಣಗಿತು, ಇಷ್ಟೇ. ಕಾರಣ ದೊಡ್ಡದು, ಅದನ್ನು ಈಗ ಬರೆಯಲಾರೆ. ಆವತ್ತು ಕಾರಿನಲ್ಲಿ ಅವ್ವ ಆ ವಿಷಯ ಎತ್ತಿದಳು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಕೇಳಿದರೆ, "ನಾ ಎಂತದ್ದೂ ಹೇಳ್ಲಿಲ್ಲ ಮಾರಾಯ್ತಿ, ಗಂಜಿ ಕುಡಿ" ಎನ್ನುತ್ತಾಳೆ.

ನಮ್ಮ ಹಿಂದೆ ಇದ್ದವರು ನೀವು. ಕ್ಷಮೆಯ ಮಾತು ಆಮೇಲೆ ನೋಡೋಣ. ಮೊದಲು ಇದನ್ನು ಹೇಳಿ, ಹಿಂದಿನ ಗಾಜಿನಲ್ಲಿ ನಿಮಗೆ ಏನು ಕಂಡಿತು? ನನ್ನ ಆ ಇಪ್ಪತ್ತು ನಿಮಿಷ ಈಗ ನಿಮ್ಮ ಹತ್ತಿರ ಮಾತ್ರ ಇದೆ.

ಇಂತಿ,
ದಿವ್ಯಾ


ಬನವಾಸಿ
18 ಫೆಬ್ರವರಿ 2025

ದಿವ್ಯಾ ಅವರಿಗೆ ಶರಣು.

ಪತ್ರ ಬಂದ ದಿನ ಎರಡು ರೊಟ್ಟಿ ಹೆಚ್ಚು ತಿಂದೆ ಎಂದು ಮನೆಯಾಕೆ ಲೆಕ್ಕ ಹೇಳಿದಳು.

ನೀವು ಕೇಳಿದ್ದನ್ನು ನೆನಪಿಸಿಕೊಂಡು ಬರೆಯುತ್ತೇನೆ. ನಾನು ಯಲ್ಲಾಪುರದಲ್ಲಿರುವ ಮಗಳು ಸ್ಫೂರ್ತಿಯ ಮನೆಯಿಂದ ವಾಪಸು ಬರುತ್ತಿದ್ದೆ. ಮಂಚಿಕೇರಿಯಲ್ಲಿ ನೀವು ಕಾರು ಹತ್ತಿ ನನ್ನ ಮುಂದೆ ರಸ್ತೆಗೆ ಇಳಿದಿರಿ. ದಾಟಿ ಮುಂದೆ ಹೋಗಲು ಎರಡು ಕಡೆ ಜಾಗವಿತ್ತು. ಹೋಗಲಿಲ್ಲ. ನಿಮ್ಮ ಓಟ ಹದವಾಗಿತ್ತು. ಬಸ್ಸಿನವನಿಗೆ ಮುಂದಿನ ಗಾಡಿ ಹದವಾಗಿ ಓಡಿದರೆ ಅದರ ಹಿಂದೆಯೇ ತೂಗಿಕೊಂಡು ಹೋಗುವುದು ಒಂದು ಸುಖ.

ಬಿಸಿಲು ಎದುರಿನಿಂದ ಬರುತ್ತಿತ್ತು, ಹಾಗಾಗಿ ಕಾರಿನ ಒಳಗೆಲ್ಲ ಬೆಳಕಿತ್ತು. ನಿಮ್ಮಿಬ್ಬರ ತಲೆ ಮತ್ತು ಹೆಗಲು, ಅಷ್ಟೇ ಕಾಣುತ್ತಿದ್ದದ್ದು. ಮೂರು ನಾಲ್ಕು ಮೈಲಿ ಇಬ್ಬರೂ ಅಲುಗಲಿಲ್ಲ. ಆಮೇಲೆ ನಿಮ್ಮ ತಾಯಿ ನಿಮ್ಮ ಕಡೆ ತಿರುಗಿದರು. ಮುಡಿಯಲ್ಲಿ ಒಂದು ಅಬ್ಬಲಿಗೆ ಹೂವು ಇತ್ತು, ದೇವರ ಪ್ರಸಾದದ್ದಿರಬೇಕು. ಅವರು ಮಾತಾಡಿದರು, ದಿವ್ಯಾ. ಎಂತದ್ದೂ ಹೇಳಲಿಲ್ಲ ಎಂಬುದು ಸುಳ್ಳು. ಸಣ್ಣ ಮಾತಲ್ಲ ಅದು. ಮೊದಲು ಅಂಗೈ ಮೇಲೆ ಮಾಡಿ ಹಿಡಿದರು, ಕೇಳುವವರ ಹಾಗೆ. ಆಮೇಲೆ ತೊಡೆಗೆ ಬಡಿದುಕೊಂಡರು, ಎರಡು ಸಲವೋ ಮೂರು ಸಲವೋ. ನೀವು ತಿರುಗಿ ನೋಡಲಿಲ್ಲ. ನಿಮ್ಮ ಹೆಗಲು ಒಂದು ಸಲ ಮೇಲೆ ಹೋಗಿ ಕೆಳಗೆ ಇಳಿಯಿತು. ಬ್ರೇಕಿನ ಕೆಂಪು ದೀಪ ಹತ್ತಿತು. ನಿಮ್ಮ ಎಡಗೈ ಸ್ಟೇರಿಂಗ್ ಬಿಟ್ಟು ಅವರ ಕಡೆ ಹೋಯಿತು. ಹೊಡೆಯಲಿಕ್ಕೋ ಹಿಡಿಯಲಿಕ್ಕೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಆ ಆಕಳು. ನನಗೆ ಕಂಡದ್ದು ಅಲ್ಲಿಗೆ ಮುಗಿಯಿತು.

ಪರರ ಮನೆಯ ಕಿಟಕಿಯಲ್ಲಿ ಇಣುಕಿದವನ ಹಾಗೆ ನಾಚಿಕೆಯಾಗುತ್ತಿದೆ. ನೀವೇ ಕೇಳಿದಿರಿ ಎಂದು ಬರೆದೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ತಂಪಾಗಿರುತ್ತದೆ.

ನಿಮ್ಮ ಒಳಿತು ಬಯಸುವ,
ಚನ್ನಯ್ಯ


ತ್ಯಾಗಲಿ
3 ಮಾರ್ಚ್ 2025

ಚನ್ನಯ್ಯನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಓದುತ್ತಿದ್ದೇನೆ. ಎಡಗೈಯ ಸಾಲು ಬಂದಾಗಲೆಲ್ಲ ನನ್ನ ಎಡಗೈಯನ್ನೇ ನೋಡುತ್ತೇನೆ. ಅದಕ್ಕೇನೂ ನೆನಪಿಲ್ಲ.

ನೀವು ಇಷ್ಟು ಕೊಟ್ಟ ಮೇಲೆ ನಾನೂ ಮುಚ್ಚಿಡಬಾರದು. ಹೋದ ಮೇ ತಿಂಗಳಲ್ಲಿ ಅಪ್ಪನಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಅಪ್ಪನ ಹೆಸರು ಹುಚ್ಚ. ಹೆಸರಿಗೆ ಹುಚ್ಚ, ಊರಿನಲ್ಲಿ ಅವರಷ್ಟು ತಾಳ್ಮೆಯವರು ಇರಲಿಲ್ಲ. ಹುಬ್ಬಳ್ಳಿಯಲ್ಲಿ ಹದಿನೇಳು ದಿನ ಉಸಿರಿನ ಯಂತ್ರದ ಮೇಲೆ ಇದ್ದರು. ಆ ಯಂತ್ರದ ಗೆರೆಗಳು ನನಗೆ ಓದಲು ಬರುತ್ತವೆ, ಅದೇ ನನ್ನ ಕರ್ಮ. ಅವ್ವ ದಿನಾ, "ಇನ್ನೊಂದ್ ನಾಕು ದಿನ ನೋಡ್ವ" ಅನ್ನುತ್ತಿದ್ದಳು. ಹದಿನೆಂಟನೇ ದಿನ ಬೆಳಿಗ್ಗೆ ನಾನು ಸಹಿ ಹಾಕಿ ಅಪ್ಪನನ್ನು ಮನೆಗೆ ಕರೆತಂದೆ. ಜಗಲಿಯಲ್ಲಿ ಮಲಗಿಸಿದೆವು. ಮೂರು ಗಂಟೆ ಇದ್ದರು.

ಅವ್ವ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಅಪ್ಪ ಉಳಿದರೆ ಯಲ್ಲಾಪುರದ ಕಡೆಯ ಚಂದಗುಳಿಯ ಘಂಟೆ ಗಣಪತಿಗೆ ಘಂಟೆ ಕಟ್ಟುತ್ತೇನೆ ಎಂದು ಹರಕೆ ಹೇಳಿಕೊಂಡಿದ್ದಳು. ಉಳಿಯಲಿಲ್ಲ. ಆದರೂ, "ಬಾಯಲ್ಲಿ ಹೇಳಿ ಆಗಿದೆ, ಕೊಡ್ದೇ ಇರಂಗಿಲ್ಲ" ಎಂದು ಹಟ ಹಿಡಿದಳು. ಆವತ್ತು ನಾವು ಹೋದದ್ದು ಅದಕ್ಕೆ. ಘಂಟೆಯನ್ನು ಅವಳೇ ಕಟ್ಟಿದಳು. ಅಲ್ಲಿ ಸಾವಿರಾರು ಘಂಟೆಗಳ ನಡುವೆ ನಮ್ಮದು ಯಾವುದು ಎಂದು ಎರಡು ಹೆಜ್ಜೆ ಹಿಂದೆ ಬಂದರೆ ಗೊತ್ತಾಗುತ್ತಿರಲಿಲ್ಲ.

ನನಗೆ ಬೇಕಾದದ್ದು ಇಷ್ಟೇ. ನಾನು ಮಾಡಿದ್ದು ಸರಿ ಅಂದಳೋ, ತಪ್ಪು ಅಂದಳೋ. ಯಾವುದಾದರೂ ಒಂದು ಗೊತ್ತಾಗದೆ ನಾನು ಮತ್ತೆ ಆಸ್ಪತ್ರೆಯ ಸಮವಸ್ತ್ರ ಹಾಕಿಕೊಂಡು ಬೇರೆಯವರ ಅಪ್ಪಂದಿರ ಪಕ್ಕ ನಿಲ್ಲಲಾರೆ. ಏಪ್ರಿಲ್ ಕೊನೆಗೆ ರಜೆ ಮುಗಿಯುತ್ತದೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಕಳೆದ ವಾರ ಮಧ್ಯಾಹ್ನ ಮಂಪರಿನಲ್ಲಿದ್ದಾಗ ನಿಮ್ಮ ಆಕಳು ನನಗೆ ನೆನಪಾಯಿತು! ಬೆಳ್ಳಗೆ, ಬಲಗಡೆಯಿಂದ, ನೀವು ಹೇಳಿದ ಹಾಗೆಯೇ. ಅದು ಅವಸರ ಮಾಡುತ್ತಿರಲಿಲ್ಲ. ಅದರ ಹಗ್ಗ ಹಿಡಿದುಕೊಂಡು ಅಪ್ಪ ಬರುತ್ತಿದ್ದರು. ಹೆಗಲ ಮೇಲೆ ಟವೆಲ್ಲು, ಕಾಲಿಗೆ ಚಪ್ಪಲಿಯಿಲ್ಲ. ನನ್ನ ಕಡೆ ನೋಡಿ ಗದ್ದ ಎತ್ತಿದರು, ದಾರಿಯಲ್ಲಿ ಗುರುತಿನವರನ್ನು ಕಂಡಾಗ ಮಾಡುತ್ತಿದ್ದಂತೆ. ಅಷ್ಟಕ್ಕೇ ನಾನು ಬ್ರೇಕ್ ಹಾಕಿದ್ದು. ದಿನಾ ಮಧ್ಯಾಹ್ನ ಈಗ ಅದು ಬರುತ್ತದೆ. ನಾನು ಬಹಳ ದಿನಗಳ ಮೇಲೆ ನಗುತ್ತಾ ಎದ್ದೆ. ಅವ್ವನಿಗೂ ಹೇಳಿದೆ.

ನಿಮ್ಮ ಆಕಳಿಗೆ ನಾನು ಋಣಿ.

ಇಂತಿ,
ದಿವ್ಯಾ


ಬನವಾಸಿ
14 ಮಾರ್ಚ್ 2025

ತಂಗಿ ದಿವ್ಯಾ,

ಪತ್ರ ತಲುಪಿತು. ನಿಮ್ಮ ತಂದೆಯವರ ವಿಷಯ ಓದಿದೆ. ಇಲ್ಲಿ ಹೋಳಿ ಹುಣ್ಣಿಮೆ. ಬಿಸಿಲು ಜೋರಾಗಿದೆ. ಶುಂಠಿ ಒಣಗಿಸುವ ಕೆಲಸ ನಡೆದಿದೆ.

ಆ ಆಕಳಿನ ವಿಷಯ ಬಹಳ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಒಂದು ಗಳಿಗೆಯಲ್ಲಿ ಬಂದು ಹೋದದ್ದು. ನಾನೂ ಸರಿಯಾಗಿ ನೋಡಲಿಲ್ಲ.

ಹೆಚ್ಚು ಬರೆಯಲು ಇವತ್ತು ಆಗುತ್ತಿಲ್ಲ.

ಚನ್ನಯ್ಯ


ತ್ಯಾಗಲಿ
27 ಮಾರ್ಚ್ 2025

ಚನ್ನಯ್ಯನವರಿಗೆ ನಮಸ್ಕಾರ.

ಕುತ್ತಿಗೆಯ ಪಟ್ಟಿ ತೆಗೆದಿದ್ದಾರೆ. ಆದರೆ ಮನೆಯಲ್ಲಿ ಕಷ್ಟ ಶುರುವಾಗಿದೆ, ನಿಮ್ಮಿಂದ ಒಂದು ಸಹಾಯ ಬೇಕು.

ನನಗೆ ಆಕಳು ನೆನಪಾಯಿತು, ಅಪ್ಪ ಹಗ್ಗ ಹಿಡಿದಿದ್ದರು ಎಂದು ಅವ್ವನಿಗೆ ಹೇಳಿದೆ ಎಂದಿದ್ದೆನಲ್ಲ, ಆ ದಿನದಿಂದ ಅವ್ವ ಮಾತು ಬಿಟ್ಟಿದ್ದಾಳೆ. ಅಷ್ಟಕ್ಕಷ್ಟೇ ಇದ್ದದ್ದೂ ಈಗ ಇಲ್ಲ. ಗಂಜಿಯ ತಟ್ಟೆಯನ್ನು ಮುಂದೆ ತಳ್ಳುತ್ತಾಳೆ, ಹೂಂ ಅನ್ನುವುದಿಲ್ಲ. ಮನೆಗೆ ಬಂದವರಿಗೂ ಅಷ್ಟೇ. ಅಂಚೆಯ ಕೆರಿಯಪ್ಪ ನಿಮ್ಮ ಪತ್ರ ತಂದಾಗ ನೀರು ಕೊಟ್ಟು ಒಳಗೆ ಹೋದಳು. ಇಡೀ ದಿನ ಮನೆಯಲ್ಲಿ ಗಡಿಯಾರದ ಸದ್ದು, ಹಿತ್ತಿಲ ಕೋಳಿಗಳ ಸದ್ದು. ನನಗೆ ನಾನು ಇನ್ನೂ ಆ ಸದ್ದಿಲ್ಲದ ಕಾರಿನೊಳಗೇ ಇದ್ದೇನೆ ಅನಿಸುತ್ತದೆ.

ಪಕ್ಕದ ಮನೆಯ ನಾಗಿ ಚಿಕ್ಕಿ ಅವ್ವನ ಬಾಲ್ಯದ ಗೆಳತಿ. ಬಾಯಿ ಮುಚ್ಚುವ ಮೊದಲು ಅವ್ವ ಅವಳೊಬ್ಬಳ ಹತ್ತಿರ ಹೇಳಿಕೊಂಡಿದ್ದಳಂತೆ. ಮೊನ್ನೆ ಅವಳು ನನ್ನನ್ನು ಬಾವಿಕಟ್ಟೆಗೆ ಕರೆದು ವಿಷಯ ಹೇಳಿದಳು. ಅವ್ವನ ನಾಲಿಗೆಯ ಮೇಲೆ ಒಂದು ಕಪ್ಪು ಮಚ್ಚೆ ಇದೆ. ನಾನು ನೋಡಿದ್ದೆ, ಅದರ ಕಥೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಂದು ಮಾವಿನ ಮರ ತೋರಿಸಿ ಇದು ಬೀಳುತ್ತದೆ ಅಂದಳಂತೆ, ನಾಲ್ಕು ದಿನಕ್ಕೆ ಬಿತ್ತು. ಅಂದಿನಿಂದ ಊರಿನವರಿಗೆ ಅವಳು ಕರಿನಾಲಿಗೆಯ ಸುಬ್ಬಿ. ಅವಳು ಬಂದರೆ ಹೊಸದಾಗಿ ಹುಟ್ಟಿದ ಕರುವಿನ ಮೇಲೆ ಗೋಣಿ ಮುಚ್ಚುತ್ತಿದ್ದರಂತೆ. ಮದುವೆಗೆ ಯಾರೂ ಮುಂದೆ ಬರಲಿಲ್ಲ. ಅಪ್ಪ ಮಾತ್ರ, "ಕರಿ ಆದ್ರೆಂತ, ಊಟಕ್ಕೆ ಬಾ ಅಂತ ಕರೀತದಲ್ಲ" ಎಂದು ನಕ್ಕು ಒಪ್ಪಿದರಂತೆ.

ಕೆಟ್ಟ ಮಾತು ಆಡಿದರೆ ನಿಜವಾಗುತ್ತದೆ ಎಂದು ಅವ್ವ ಜೀವಮಾನವಿಡೀ ಬಾಯಿ ಕಟ್ಟಿಕೊಂಡು ಬದುಕಿದ್ದಾಳೆ. ಅಪ್ಪ ಹೋದ ಮೇಲೆ ಅವಳು ನನ್ನ ಜೊತೆ ಮಾತಾಡದೇ ಇದ್ದದ್ದು ಹಗೆಗಲ್ಲ, ಹೆದರಿಕೆಗೆ. ಇದು ತಿಳಿದು ನಾನು ಬಾವಿಕಟ್ಟೆಯಲ್ಲೇ ಅತ್ತುಬಿಟ್ಟೆ. ನಾಗಿ ಚಿಕ್ಕಿ ಹೇಳಿದ್ದು ಹೀಗೆ: "ಕಾರಲ್ಲಿ ನಿಮ್ಮವ್ವನ ಬಾಯಿ ತಪ್ಪಿ ಒಂದು ಮಾತು ಬಿತ್ತಂತೆ. ಎಂತ ಮಾತು ಅಂತ ನಂಗೂ ಹೇಳ್ಲಿಲ್ಲ. ಅದು ಬಿದ್ದ ಕೂಡ್ಲೇ ಗುದ್ದಿತಲ್ಲ. ಈಗ ನೀ ಬೇರೆ, ಅಪ್ಪ ಆಕಳು ಹೊಡ್ಕಂಡು ಬಂದಿದ್ರು ಅಂದ್ಯಂತೆ. ತನ್ನ ಬಾಯಿ ಮುಚ್ಸೂಕೆ ಗಂಡನೇ ಬಂದ್ರು ಅಂತ ಅವ್ಳು ತಿಳ್ಕಂಡಿದಾಳೆ."

ಅವ್ವ ಆಗ ನನ್ನ ಮುಖವನ್ನೇ ನೋಡುತ್ತಿದ್ದಳು, ಆಕಳನ್ನು ನೋಡಿಲ್ಲ. ಠಾಣೆಯಲ್ಲಿ ನೀವು ಹೇಳಿದ್ದನ್ನು ಕೇಳಿದ್ದು ಅಷ್ಟೇ. ಆದ್ದರಿಂದ ದಯವಿಟ್ಟು ನೆನಪು ಮಾಡಿಕೊಂಡು ಬರೆಯಿರಿ, ಆ ಆಕಳಿನ ಕೊರಳಲ್ಲಿ ಹಗ್ಗ ಇತ್ತೇ? ಇರಲಿಲ್ಲ ಎಂದರೆ ಅದು ಯಾರದೋ ಬಿಟ್ಟಾಡಿ ದನ, ಅಪ್ಪನದಲ್ಲ ಎಂದು ಅವ್ವನಿಗೆ ತೋರಿಸಬಹುದು. ನನಗೆ ಅಪ್ಪ ಸಿಕ್ಕಿದ್ದು ಹೋಗುತ್ತದೆ. ಹೋಗಲಿ. ಅವ್ವ ಬಾಯಿ ಬಿಡಲಿ.

ಬೇಗ ಬರೆಯಿರಿ.

ದಿವ್ಯಾ


ಬನವಾಸಿ
5 ಏಪ್ರಿಲ್ 2025

ತಂಗಿ ದಿವ್ಯಾ,

ಹಗ್ಗ ಇರಲಿಲ್ಲ. ಆಕಳೂ ಇರಲಿಲ್ಲ.

ಇದನ್ನು ಬರೆದು ಅರ್ಧ ಗಂಟೆ ಪೆನ್ನು ಕೆಳಗಿಟ್ಟಿದ್ದೆ. ಈಗ ಉಳಿದದ್ದನ್ನು ಬರೆಯುತ್ತೇನೆ. ಇದನ್ನು ನಿಮ್ಮ ತಾಯಿಯ ಮುಂದೆ ಗಟ್ಟಿಯಾಗಿ ಓದಿ.

ಚೌಡಿಕಟ್ಟೆಯ ಮುಂದೆ ಹೋಗುವ ಯಾವ ಗಾಡಿಯೂ ಅಲ್ಲಿಯ ಚೌಡಿ ತಾಯಿಗೆ ಕೈ ಎತ್ತದೆ ಹೋಗುವುದಿಲ್ಲ, ನಿಮಗೆ ಗೊತ್ತು. ಬಸ್ಸಿನಲ್ಲಿದ್ದಾಗ ನನ್ನ ಎಡಗೈ ಸ್ಟೇರಿಂಗ್ ಮೇಲೆ, ಬಲಗೈ ಹಣೆಗೆ, ಅಷ್ಟೇ. ಕಂಡಕ್ಟರ್ ಕಿಟಕಿಯಿಂದ ಒಂದು ನಾಣ್ಯ ಒಗೆಯುತ್ತಿದ್ದ. ಹದಿನಾಲ್ಕು ವರ್ಷ ಅರ್ಧ ನಮಸ್ಕಾರದಲ್ಲೇ ತಾಯಿಯನ್ನು ದಾಟಿಬಿಟ್ಟೆನಲ್ಲ ಎಂದು ಒಳಗೊಳಗೇ ಇತ್ತು. ಬಸ್ ತುಂಬ ಮಂದಿ ಇರುವಾಗ ಎರಡನೇ ಕೈ ಎಲ್ಲಿಂದ ತರಲಿ?

ಆವತ್ತು ಕಾರಿನಲ್ಲಿ ನಾನೊಬ್ಬನೇ. ಮಗಳು ಸ್ಫೂರ್ತಿಯ ಮನೆಯಲ್ಲಿ ಸಣ್ಣದಕ್ಕೆ ಮಾತು ಬೆಳೆಸಿ, ಉಣ್ಣದೆ ಎದ್ದು ಬಂದಿದ್ದೆ. ದಾರಿಯುದ್ದಕ್ಕೂ ನಿಮ್ಮಿಬ್ಬರನ್ನು ನೋಡುತ್ತಾ ಬಂದೆ. ನಿಮ್ಮ ತಾಯಿ ತೊಡೆ ಬಡಿದುಕೊಂಡಾಗ ನನಗೆ ತಡೆಯಲಿಲ್ಲ. ಚೌಡಿಕಟ್ಟೆ ಬಂತು. ನೀವು ನಿಧಾನ ಮಾಡಿದಿರಿ. ಎಲ್ಲರ ಹಾಗೆ ಕೈ ಮುಗಿಯಲು ನಿಧಾನ ಮಾಡಿದರು, ಮತ್ತೆ ಹೊರಡುತ್ತಾರೆ ಎಂದುಕೊಂಡೆ. ನಾನೂ ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದೆ. ಕಣ್ಣೂ ಮುಚ್ಚಿದೆ. ಅವ್ವಾ, ಈ ತಾಯಿ ಮಗಳ ನಡುವೆ ಏನಿದೆಯೋ ಅದನ್ನು ಸರಿಮಾಡು ಎಂದು ಬೇಡಿಕೊಂಡೆ. ನೀವು ಹೊರಡಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ನಿಮ್ಮ ಕಾರಿನ ಹಿಂಭಾಗ ನನ್ನ ಬಾನೆಟ್ಟಿನೊಳಗೆ ಇತ್ತು. ನಿಮಗಾಗಿ ಕೈ ಮುಗಿಯುತ್ತಾ ನಿಮಗೇ ಗುದ್ದಿದವನು ನಾನು.

ಠಾಣೆಯಲ್ಲಿ ಕೇಳಿದಾಗ ಬಾಯಿಗೆ ಆಕಳು ಬಂತು. ಬಿಳಿ ಬಣ್ಣವನ್ನೂ ನಾನೇ ಹಚ್ಚಿದೆ. ಅದು ನಿಮ್ಮ ತಲೆಯೊಳಗೆ ಹೊಕ್ಕು, ನಿಮ್ಮ ತಂದೆಯವರ ಕೈಯಲ್ಲಿ ಹಗ್ಗ ಕೊಟ್ಟಿತು ಎಂದು ಓದಿದೆ. ಆಗಲೇ ಹೇಳಬೇಕಿತ್ತು. ನೀವು ನಗುತ್ತಾ ಎದ್ದೆ ಅಂದಿದ್ದಿರಿ, ಆ ನಗುವಿನ ಹಿಂದೆ ಅಡಗಿ ಕೂತೆ. ಹೇಡಿತನ ಅದು.

"ಸುಳ್ಳ ಹೇಳಾಕ ಆಕಳನ ಬೇಕಿತ್ತೇನ್ರಿ ನಿಮಗ? ಬಾಯಿಲ್ಲದ ಪ್ರಾಣಿ ಮ್ಯಾಲ ಹಾಕಿದ್ರಿ" ಎಂದು ಗುರುಶಾಂತವ್ವ ಬೈದಳು. ನಿನ್ನೆ ಠಾಣೆಗೆ ಹೋಗಿ ಹೇಳಿಕೆ ತಿದ್ದಿಸಿದೆ. ಅಲ್ಲಿಯ ಹುಡುಗರು ನಕ್ಕರು. ಕಾರಿನ ಕೀಲಿಯನ್ನು ಮಗ ಬಸವರಾಜನ ಕೈಗೆ ಕೊಟ್ಟೆ, ಅವನು ಕೇಳುವ ಮೊದಲೇ. ಮೂವತ್ತಾರು ವರ್ಷದ ಮೇಲೆ ಕೈಯಲ್ಲಿ ಕೀಲಿಯಿಲ್ಲ. ಅಳು ಬಂತು.

ನಿಮ್ಮ ತಾಯಿಗೆ ಹೇಳಿ, ಅವರ ನಾಲಿಗೆ ಯಾವ ತಪ್ಪನ್ನೂ ಮಾಡಿಲ್ಲ. ತಪ್ಪು ಈ ಎರಡು ಕೈಗಳದ್ದು. ನಂಬದಿದ್ದರೆ ಬಸ್ ಹತ್ತಿ ಬಂದು ಎದುರಿಗೆ ನಿಂತು ಹೇಳುತ್ತೇನೆ.

ನಿಮಗೆ ಸಿಕ್ಕ ತಂದೆಯನ್ನು ಕಿತ್ತುಕೊಂಡೆ. ಅದಕ್ಕೆ ಹೇಗೆ ಕ್ಷಮೆ ಕೇಳಬೇಕೋ ಗೊತ್ತಿಲ್ಲ.

ಚನ್ನಯ್ಯ


ತ್ಯಾಗಲಿ
21 ಏಪ್ರಿಲ್ 2025

ಚನ್ನಯ್ಯ ಕಾಕಾ,

ನಿಮ್ಮ ಪತ್ರ ಬಂದ ಮೇಲೆ ಎರಡು ದಿನ ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟಿತ್ತು. ಮಧ್ಯಾಹ್ನ ಮಲಗಿದರೆ ಮರಗಳು ಮಾತ್ರ ಬಂದವು. ಅಪ್ಪ ಬರಲಿಲ್ಲ. ಆಕಳು ಇಲ್ಲದ ರಸ್ತೆ ಬಹಳ ಖಾಲಿ ಇರುತ್ತದೆ ಕಾಕಾ. ಮೂರನೇ ದಿನ ಎದ್ದು, ಅವ್ವನನ್ನು ಕೂರಿಸಿಕೊಂಡು, ಗಟ್ಟಿಯಾಗಿ ಓದಿದೆ.

ಅವ್ವ ಸೆರಗು ಬಾಯಿಗೆ ಒತ್ತಿ ಹಿಡಿದು ಕೇಳಿದಳು. ನೀವು ಎರಡೂ ಕೈ ಜೋಡಿಸಿದ ಜಾಗ ಬಂದಾಗ ಸೆರಗು ಜಾರಿತು. "ಎರಡೂ ಕೈ ಬಿಟ್ಟು? ಕಣ್ಣೂ ಮುಚ್ಚಿ? ಅಯ್ಯೋ ಪುಣ್ಯಾತ್ಮ!" ಎಂದು ಕೂಗಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಅತ್ತಳು. ನಾಗಿ ಚಿಕ್ಕಿ ಏನಾಯಿತೋ ಎಂದು ಓಡಿ ಬಂದಳು. ನಲವತ್ತು ದಿನದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ಮಾತು ನಿಮ್ಮನ್ನು ಕುರಿತದ್ದು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ನಿಮ್ಮನ್ನು ಕ್ಷಮಿಸಿದ್ದೇನೆ. ಅವ್ವನೂ ಕ್ಷಮಿಸಿದ್ದಾಳೆ, ಆದರೆ ನೀವು ಕೀಲಿ ವಾಪಸು ಕೇಳಬಾರದಂತೆ. "ದೇವ್ರಿಗೆ ಪೂರ್ತಿ ಕೈ ಮುಗೀಬೇಕಾರೆ ಬಸ್ಸಲ್ಲಿ ಕೂತ್ಕಂಡು ಮುಗೀಲಿ" ಅಂದಳು. ಸ್ಫೂರ್ತಿ ಅಕ್ಕನ ಮನೆಗೆ ಹೋಗಿ ಉಂಡು ಬನ್ನಿ ಎಂದು ನಾನು ಹೇಳುತ್ತೇನೆ.

ಮಾರನೇ ದಿನ ಬೆಳಿಗ್ಗೆ ನಾವಿಬ್ಬರೂ ಹಲಸಿನ ಹಪ್ಪಳ ತಟ್ಟುತ್ತಿದ್ದೆವು. ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿತ್ತು. ಅವ್ವ ತಲೆ ಎತ್ತದೆ ಹೇಳಿದಳು:

"ಆವತ್ತು ನಾ ಅಂದದ್ದು ಇಷ್ಟು. ನಿಮ್ಮಪ್ಪನ್ನ ಕೊಂದವ್ಳು ನೀನು ಅಂದೆ."

ನನ್ನ ಕೈ ಹಿಟ್ಟಿನ ಉಂಡೆಯ ಮೇಲೆ ನಿಂತಿತು. ನೋವಾಯಿತು, ಬಹಳ ನೋವಾಯಿತು. ಅವ್ವ ಸೂರಿನ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಏನಾದರೂ ಬೀಳುತ್ತದೋ ಎಂದು ಕಾಯುತ್ತಿದ್ದಾಳೆ ಎಂದು ನನಗೆ ಆಮೇಲೆ ಹೊಳೆಯಿತು. ಹಂಚು ಇದ್ದಲ್ಲೇ ಇತ್ತು. ಒಂದು ಕಾಗೆ ಚಾಪೆಯ ಅಂಚಿಗೆ ಬಂದು ಕೂತಿತು, ಅವ್ವ ಕೈ ಬೀಸಿ ಓಡಿಸಿದಳು.

"ಎಂಟು ತಿಂಗ್ಳು ಅದೊಂದು ಮಾತು ಹೊಟ್ಟೇಲಿ ಇಟ್ಕಂಡು ಸಾಕಾಗಿತ್ತು. ಹೇಳ್ದೆ. ನೀ ಎಂತ ಅಂದೆ ಗೊತ್ತಾ?"

ಗೊತ್ತಿಲ್ಲ ಅಂದೆ.

"ಕಾರು ನಿಧಾನ ಮಾಡ್ದೆ. ನನ್ನ ಕೈ ಹಿಡ್ಕಂಡೆ. 'ಹೌದವ್ವ, ನಾನೇ. ಮನೆಗೆ ಹೋಪ ಅಂತ ಅಪ್ಪ ಕಣ್ಣಲ್ಲೇ ಕೇಳಿದ್ರು. ಇನ್ನೊಂದ್ಸಲ ಆದ್ರೂ ಹಂಗೇ ಮಾಡ್ತೆ' ಅಂದೆ."

ಅಪ್ಪ ಕಣ್ಣಿನಲ್ಲಿ ಕೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ ಕಾಕಾ. ಹೇಳಿದರೆ ನನ್ನ ತಪ್ಪಿಗೆ ಅಪ್ಪನನ್ನು ಸಾಕ್ಷಿ ನಿಲ್ಲಿಸಿದ ಹಾಗೆ ಆಗುತ್ತದೆ ಎಂದು ನುಂಗಿಕೊಂಡಿದ್ದೆ. ಅವ್ವನ ಬಾಯಲ್ಲಿ ಅದನ್ನು ಕೇಳಿ, ನನ್ನದೇ ಮಾತನ್ನು ನಾನು ಮೊದಲ ಸಲ ಕೇಳಿದಂತಾಯಿತು.

"ನಾ ಉತ್ರ ಕೊಡೂಕೆ ಬಾಯಿ ತೆಗ್ದೆ. ಅಷ್ಟರಲ್ಲಿ ಆ ಪುಣ್ಯಾತ್ಮ ಗುದ್ದಿದ" ಅಂದಳು.

"ಎಂತ ಹೇಳೂಕೆ ಹೊರಟಿದ್ದೆ ಅವ್ವ?"

ಅವ್ವ ತಟ್ಟಿದ ಹಪ್ಪಳವನ್ನು ಎತ್ತಿ ಚಾಪೆಯ ಮೇಲೆ ಹಾಕಿದಳು. ಕೈಯನ್ನು ಒರೆಸಿಕೊಂಡಳು.

"ನನ್ನ ಹೊತ್ತು ಬಂದಾಗ ನನ್ನೂ ಮನೆಗೇ ಕರ್ಕಂಡ್ ಬಾ ಅಂತ."

ಇಂತಿ ನಿಮ್ಮ,
ದಿವ್ಯಾ